ತೊಡೆಯ ಮೇಲೊಂದು ತುಂಬಿದ ತಂಬಿಗೆ

ನಮ್ಮ ಭಾವನ ಜೊತೆ ಪ್ರವಾಸ ಹೋಗಿ ದಣಿದವರು ಇಲ್ಲವೇ ಇಲ್ಲ. ಎಲ್ಲರೂ ಹೋಗುವ ಮೊದಲೇ ದಣಿದಿರುತ್ತಾರೆ! ಅವರ ಹೊಸ ಕರೆಂಟಿನ ಕಾರಿನಲ್ಲಿ ಕಾರವಾರಕ್ಕೆ ಹೋಗುವ ತಯಾರಿಯಲ್ಲಿ ನಾನು ಎಷ್ಟು ಸುಸ್ತಾಗಿದ್ದೆನೆಂದರೆ, ಹೊರಡುವ ದಿನ ಬಂದಾಗ ನನಗೆ ಬೇಕಾಗಿದ್ದದ್ದು ಸಮುದ್ರವಲ್ಲ, ಒಂದು ಚಾಪೆ ಮತ್ತು ದಿಂಬು.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಓಣಿಯಲ್ಲೇ ಅವರ ಮನೆ. ಅದೇ ನನ್ನ ದುರದೃಷ್ಟ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಯಾವ ಬಸ್ಸು ಯಾವ ಊರಿಗೆ, ಯಾವ ಮಾರ್ಗವಾಗಿ ಎಂದು ಮೈಕಿನಲ್ಲಿ ಕೂಗಿ ಕೂಗಿ ಅವರ ಗಂಟಲಿಗೆ ಒಂದು ಧಾಟಿ ಅಂಟಿಕೊಂಡುಬಿಟ್ಟಿದೆ. ನಿವೃತ್ತಿಯ ನಂತರ ಮೈಕು ಅಲ್ಲೇ ಉಳಿಯಿತು, ಧಾಟಿ ಮನೆಗೆ ಬಂತು. "ಪಡಸಾಲೆಯಿಂದ ಅಡುಗೆಮನೆ ಮಾರ್ಗವಾಗಿ ಬಚ್ಚಲಿಗೆ ಹೋಗುವ..." ಎಂದು ಘೋಷಿಸಿಯೇ ಸ್ನಾನಕ್ಕೆ ಏಳುತ್ತಾರೆ. ಹೀಗೆ ಊರಿನವರನ್ನೆಲ್ಲ ಬಸ್ಸು ಹತ್ತಿಸಿ ಕಳಿಸಿದ ಮನುಷ್ಯನಿಗೆ ಎಂಥ ಹೆಂಡತಿ ಸಿಗಬೇಕಿತ್ತು? ಸಿಕ್ಕವಳು ನಮ್ಮ ಅಕ್ಕ. ಅವಳಿಗೆ ಬಸ್ಸು ಆಗುವುದಿಲ್ಲ!

ಆಗುವುದಿಲ್ಲ ಎಂದರೆ ಡೀಸೆಲ್ಲಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ಹೊಟ್ಟೆ ತೊಳಸಿಕೊಂಡು ಬರುತ್ತದೆ. ಪೆಟ್ರೋಲು, ರಿಕ್ಷಾದ ಹೊಗೆ, ಯಾವುದೂ ಅಕ್ಕನಿಗೆ ಒಗ್ಗುವುದಿಲ್ಲ. ಭಾವ ಕೆಲಸದಲ್ಲಿದ್ದಷ್ಟು ಕಾಲವೂ ಹಿತ್ತಲಲ್ಲಿ ಸ್ನಾನ ಮಾಡಿ, ಖಾಕಿ ಬಟ್ಟೆಯನ್ನು ಹೊರಗಿನ ತಂತಿಗೆ ಹಾಕಿಯೇ ಒಳಗೆ ಕಾಲಿಡುತ್ತಿದ್ದರು. ಓಣಿಯವರು ಇದನ್ನು ಮಡಿ ಎಂದುಕೊಂಡು ಗೌರವಿಸಿದರು. ಮದುವೆಯಾದ ಹೊಸತರಲ್ಲಿ ಗೋವಾಕ್ಕೆಂದು ಬಸ್ಸಿನಲ್ಲಿ ಹೊರಟ ಇಬ್ಬರೂ ಖಾನಾಪುರದಲ್ಲಿ ಇಳಿದು, ಮಲಪ್ರಭೆಯ ನೀರಿನಲ್ಲಿ ಮುಖ ತೊಳೆದುಕೊಂಡು ಹಿಂದೆ ಬಂದಿದ್ದರಂತೆ. ಆಮೇಲೆ ಎಷ್ಟು ಸಲ ಹೊರಟರೂ ಖಾನಾಪುರದ ಸೇತುವೆ ಬರುತ್ತಿದ್ದಂತೆ ಅಕ್ಕ "ನಿಲ್ಲಸ್ರಿ" ಅನ್ನುತ್ತಿದ್ದಳು. ರೈಲಿದೆಯಲ್ಲ ಎನ್ನುವ ಜಾಣರಿಗೆ ಒಂದು ಮಾತು: ರೈಲ್ವೆ ನಿಲ್ದಾಣ ಮುಟ್ಟಲಿಕ್ಕೂ, ಇಳಿದ ಮೇಲೆ ಮನೆ ಮುಟ್ಟಲಿಕ್ಕೂ ರಿಕ್ಷಾ ಬೇಕಲ್ಲ?

ಇದೆಲ್ಲ ಹಾಗೇ ನಡೆದುಹೋಗುತ್ತಿತ್ತೇನೋ. ಆದರೆ ಅವರ ಒಬ್ಬಳೇ ಮಗಳಿಗೆ ಕಾರವಾರದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಬಾಡಿಗೆಗೆ ಮನೆಯನ್ನೂ ಹಿಡಿದಳು. ಮಹಡಿ ಹತ್ತಿದರೆ ಸಮುದ್ರ ಕಾಣುತ್ತದಂತೆ. ಅಕ್ಕನಿಗೆ ಸಮುದ್ರದ ಹಂಬಲವಿಲ್ಲ. ಅವಳಿಗೆ ಬೇಕಾದದ್ದು ಅಡುಗೆಮನೆ. ಮಗಳು ಫೋನಿನಲ್ಲಿ ವಿಡಿಯೊ ಕಾಲ್ ಮಾಡಿದಾಗೆಲ್ಲ "ಅಡಗಿಮನಿ ತೋರಿಸು, ಆ ಮೂಲಿ ತೋರಿಸು, ಒಲಿ ಬಾಜೂಕ ಏನ್ ಇಟ್ಟೀ?" ಎಂದು ಕೇಳುತ್ತಾಳೆ. "ಒಮ್ಮೆ ಅಲ್ಲಿ ನಿಂತು ಒಂದು ರೊಟ್ಟಿ ಬಡದು ಕೊಟ್ಟಿದ್ರ ಸಾಕಿತ್ತು" ಎಂದು ನನ್ನ ಮುಂದೆ ಅಂದಿದ್ದಳು. ಭಾವನ ಮುಂದೆ ಅನ್ನಲಿಲ್ಲ. ಅವರು ಮಗಳನ್ನು ನೋಡಲು ಬಸ್ಸಿಗೆ ಹೋಗುವಾಗ ಶೇಂಗಾ ಹೋಳಿಗೆಯ ಡಬ್ಬಿ ಕೊಟ್ಟು ಬಾಗಿಲಲ್ಲಿ ನಿಂತುಬಿಡುತ್ತಿದ್ದಳು.

ಹೀಗಿರುವಾಗ ಭಾವ ಕಾರು ತಂದರು. ಹೊಗೆಯಿಲ್ಲ, ಎಣ್ಣೆಯಿಲ್ಲ. ಹೆಂಡತಿಗಾಗಿ ತಂದಿರಬಹುದೆಂದು ನನಗೂ ಅನ್ನಿಸಿತು. ಆದರೆ ಭಾವ ಹಾಗೆ ಹೇಳುವವರ ಪೈಕಿ ಅಲ್ಲ. ಪೆಟ್ರೋಲ್ ಉಳಿಯುತ್ತದೆ, ಗಾಳಿ ಸ್ವಚ್ಛ ಇರುತ್ತದೆ ಎಂದು ಓಣಿಗೆಲ್ಲ ಉಪನ್ಯಾಸ ಕೊಟ್ಟರು. ಉಪನ್ಯಾಸದ ನಂತರ ನಾಲ್ಕೂ ಬಾಗಿಲು ತೆರೆದು ಕಾರನ್ನು ಬಿಸಿಲಿಗೆ ಹಾಕಿದರು, ನಾವು ಹಪ್ಪಳ ಹಾಕಿದಂತೆ. ಹೊಸ ಸೀಟಿನ ವಾಸನೆ ಹೋಗಬೇಕಂತೆ! ಶೋರೂಮಿನವರು ಪ್ರೀತಿಯಿಂದ ಕೊಟ್ಟ ಸೆಂಟಿನ ಬಾಟಲಿ ಕಸದ ಗಾಡಿಗೆ ಹೋಯಿತು. ಮಲ್ಲಿಗೆ ಮಾಲೆಗೆ ಪ್ರವೇಶವಿಲ್ಲ, ಊದಿನಕಡ್ಡಿ ಬಂದ್. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದೆನೆಂದು ನನ್ನನ್ನೂ ಇಳಿಸಿದರು. ಕಾರಣ ಕೇಳಿದರೆ, ವಾಸನೆಗೆ ಸೆನ್ಸರ್ ಕೆಡುತ್ತದೆ ಅಂದರು. ನಾನು ಮನೆಗೆ ಹೋಗಿ ತಲೆ ತೊಳೆದುಕೊಂಡು ಬಂದೆ.

ಕೊನೆಗೊಂದು ದಿನ ಟೈರಿನ ಕೆಳಗೆ ಲಿಂಬೆಹಣ್ಣು ಇಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದು ಅಕ್ಕನನ್ನು ಕೂಡಿಸಿಕೊಂಡು ಕೋಟೆಯ ಕೆರೆಯ ತನಕ ಹೋದರು. ಹೋಗುವಾಗ ಅಕ್ಕನ ಮುಖದಲ್ಲಿ ನಗೆಯಿತ್ತು. ಬರುವಾಗ ಬಾಯಿಯ ಮೇಲೆ ಸೆರಗಿತ್ತು. ವಾಸನೆಯೇನೂ ಬರಲಿಲ್ಲವಂತೆ. ಆದರೆ ಈ ಕಾರಿನ ಸ್ವಭಾವವೇ ಬೇರೆ. ಆಕ್ಸಿಲರೇಟರ್ ಮೇಲಿನ ಕಾಲು ಎತ್ತಿದ ಕೂಡಲೇ ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ತಡೆಯುತ್ತದೆ, ಒತ್ತಿದರೆ ಚಿಮ್ಮುತ್ತದೆ. ಆ ಜಗ್ಗಾಟಕ್ಕೆ ಹೊಟ್ಟೆ ಮತ್ತೆ ತೊಳಸಿತು. "ಗಾಡೀದೇನ್ ತಪ್ಪಿಲ್ರಿ, ನನ್ನ ಹಣೇಬರಾನ ಹಿಂಗ. ನೀವ ಹೋಗಿ ಬರ್ರಿ" ಎಂದು ಅಕ್ಕ ಒಳಗೆ ಹೋದಳು. ಭಾವ ತುಂಬ ಹೊತ್ತು ಕಾರಿನ ಬಾಗಿಲು ಒರೆಸುತ್ತ ನಿಂತರು. ಅಲ್ಲಿಗೆ ಕಥೆ ಮುಗಿಯಿತು, ಇನ್ನು ಭಾವ ಒಬ್ಬರೇ ಹೋಗಿಬರುತ್ತಾರೆ ಎಂದುಕೊಂಡೆ. ಆದರೆ ನನ್ನ ಕಥೆ ಅಲ್ಲಿಂದಲೇ ಸುರುವಾಯಿತು.

ಮೊದಲು ಚಾರ್ಜಿಂಗಿನ ಯೋಜನೆ. ದಾರಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಎಲ್ಲೆಲ್ಲಿ ಸಿಗುತ್ತದೆಂದು ಫೋನೇ ತೋರಿಸುತ್ತದೆ, ಅದನ್ನು ನೋಡಿ ಎಂದೆ. ಭಾವ ಒಂದು ಸಲ ನೋಡಿ ಫೋನ್ ಕೆಳಗಿಟ್ಟರು. "ಅದಾವ. ಆದ್ರ ಅವು ನಮ್ಮ ಮಂದಿ ಅಲ್ಲ" ಅಂದರು. ಕಷ್ಟಕಾಲಕ್ಕೆ ಸಂಬಂಧಿಕರ ಮನೆ ಇರಬೇಕು, ಸಂಬಂಧಿಕರ ಮನೆಯಲ್ಲಿ ದೊಡ್ಡ ಪ್ಲಗ್ ಇರಬೇಕು. ಇದು ಅವರ ಸಿದ್ಧಾಂತ. ಸರಿ, ಹಾದಿಯುದ್ದಕ್ಕೂ ಇರುವ ನೆಂಟರಿಗೆಲ್ಲ ಫೋನು ಹೋಯಿತು. ವರ್ಷಗಟ್ಟಲೆ ಮಾತಿಲ್ಲದವರಿಗೂ ಹೋಯಿತು. ಮೊದಲು ಮೊಣಕಾಲು ನೋವು, ಸಕ್ಕರೆ ಕಾಯಿಲೆ ವಿಚಾರಿಸುವುದು. ಆಮೇಲೆ ಮನೆ ಸ್ವಂತದ್ದೋ, ಕರೆಂಟು ಸರಿಯಾಗಿ ಇರುತ್ತದೋ, ಕಾರು ಬಾಗಿಲ ತನಕ ಬರುತ್ತದೋ, ಅಂಗಳ ಎಷ್ಟು ದೊಡ್ಡದು ಎಂದು ಕೇಳುವುದು!

ಮದುವೆಯಾಗದ ಮಗಳಿರುವ ಅಪ್ಪ ಏಕಾಏಕಿ ಫೋನ್ ಮಾಡಿ ನಿಮ್ಮ ಮನೆ, ಅಂಗಳ ವಿಚಾರಿಸಿದರೆ ನೀವಾದರೂ ಏನು ತಿಳಿದುಕೊಳ್ಳುತ್ತೀರಿ? ರಾಮನಗರದ ದೂರದ ನೆಂಟರೊಬ್ಬರು ಮರುದಿನವೇ ತಮ್ಮ ಮಗನ ಫೋಟೊ ಕಳಿಸಿದರು. ಹುಡುಗ ಕೋಟು ಹಾಕಿಕೊಂಡಿದ್ದ. ಭಾವ ಕನ್ನಡಕ ಏರಿಸಿ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಹುಡುಗನ ಬೆನ್ನಿನ ಹಿಂದಿನ ಗೋಡೆಯಲ್ಲಿ ಇರುವುದು ಸಣ್ಣ ಪ್ಲಗ್ಗು, ಉಪಯೋಗವಿಲ್ಲ ಅಂದರು. ಸುದ್ದಿ ಕಾರವಾರ ಮುಟ್ಟಲು ತಡವಾಗಲಿಲ್ಲ. "ಅಪ್ಪಾ, ನನ್ನ ಮದವಿ ಪ್ಲಗ್ ನೋಡಿ ಮಾಡವ ಅದೀಯೇನು?" ಎಂದು ಮಗಳು ಕೇಳಿದಳು. ನೆಂಟರನ್ನು ಸಮಾಧಾನ ಮಾಡುವ ಕೆಲಸ ಯಾರ ಪಾಲಿಗೆ ಬಂತು ಎಂದು ಬೇರೆ ಹೇಳಬೇಕೆ?

ಇದು ಮುಗಿಯಿತೆನ್ನುವಾಗ ತಂಬಿಗೆ ಬಂತು. ಒಂದು ಭಾನುವಾರ ಬೆಳಿಗ್ಗೆ ಭಾವ ಹಿತ್ತಾಳೆ ತಂಬಿಗೆಯಲ್ಲಿ ಕಂಠಮಟ್ಟ ನೀರು ತುಂಬಿ, ನನ್ನನ್ನು ಹಿಂದಿನ ಸೀಟಿನಲ್ಲಿ ಕೂಡಿಸಿ, ಅದನ್ನು ತೊಡೆಯ ಮೇಲಿಟ್ಟರು. ಖಾನಾಪುರದ ತನಕ ಒಂದು ಹನಿಯೂ ಚೆಲ್ಲಬಾರದು. "ಗಾಡಿ ಎಷ್ಟು ಮೆತ್ತಗ ಹೋಗತೈತೋ ಅಷ್ಟು ಬ್ಯಾಟರಿ ಉಳೀತೈತಿ" ಎಂದು ವಿವರಿಸಿದರು. ಉದ್ಯಮಬಾಗ ದಾಟುವುದರೊಳಗೆ ನನ್ನ ಪ್ಯಾಂಟು ತೊಯ್ದಿತ್ತು. ಪೀರನವಾಡಿಯಲ್ಲಿ ಎಮ್ಮೆ ಅಡ್ಡ ಬಂದಾಗ ಅಂಗಿಯೂ ತೊಯ್ಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ನಡುನಡುವೆ ಭಾವ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ ಏನಾದರೂ ವಾಸನೆ ಬರುತ್ತಿದೆಯೇ, ತಲೆ ಭಾರವಾಗಿದೆಯೇ ಎಂದು ಕೇಳುತ್ತಿದ್ದರು. ತಲೆ ಭಾರವಾಗಿತ್ತು, ನಿಜ. ಆದರೆ ಅದಕ್ಕೆ ಕಾರಣ ಕಾರಲ್ಲ.

ಖಾನಾಪುರದಲ್ಲಿ ಅವರ ಹಳೆಯ ಗೆಳೆಯರ ಮನೆ. ಕಂಡಕ್ಟರ್ ಆಗಿ ನಿವೃತ್ತರಾದವರು, ಮನೆಮಾತು ಮರಾಠಿ. ಅವರ ಕಟ್ಟೆಯ ಮೇಲೆ ದೊಡ್ಡ ಪ್ಲಗ್ ಇತ್ತು. ಪ್ಲಗ್ ಸಿಕ್ಕಿತು ಎನ್ನುವಷ್ಟರಲ್ಲಿ ಒಳಗಿನಿಂದ ಗೆಳೆಯರ ಹೆಂಡತಿ, ಅಂದರೆ ವೈನಿ, ಬಂದು "ಜೇವಲ್ಯಾಶಿವಾಯ್ ಜಾಯಚಂ ನಾಹೀ" ಎಂದು ಬಾಗಿಲಿಗೆ ಅಡ್ಡ ನಿಂತರು. ಊಟ ಮಾಡದೆ ಹೋಗುವಂತಿಲ್ಲ. ಮನೆಯ ಪ್ಲಗ್ಗಿನಲ್ಲಿ ಕಾರಿನ ಹೊಟ್ಟೆ ತುಂಬುವುದು ಬಹಳ ನಿಧಾನ. ವೈನಿಯ ಕೈ ಹಾಗಲ್ಲ. ಭಾಕರಿ, ಝುಣಕ, ಅನ್ನ, ಮತ್ತೆ ಭಾಕರಿ. ಕಾರು ಅರ್ಧ ತುಂಬುವುದರೊಳಗೆ ನಾವು ಪೂರ್ತಿ ತುಂಬಿ ಮೇಲೆ ಚೆಲ್ಲುವಂತಾಗಿದ್ದೆವು. ಆ ಸ್ಥಿತಿಯಲ್ಲಿ ಮರಳುವಾಗ ಮತ್ತೆ ತೊಡೆಯ ಮೇಲೆ ತಂಬಿಗೆ!

ಒಂದು ಭಾನುವಾರವಾದರೆ ಸಹಿಸಬಹುದು. ಮಳೆಗಾಲ ಮುಗಿದು ಚಳಿ ಬಂದರೂ ನನ್ನ ಭಾನುವಾರಗಳು ಒದ್ದೆಯಾಗಿಯೇ ಇದ್ದವು. ಓಣಿಯಲ್ಲಿ ಇಳಿಯುವಾಗ ನನ್ನ ಪ್ಯಾಂಟು ನೋಡಿ ಜನ ಏನೇನೋ ತಿಳಿದುಕೊಂಡರು. ಅತ್ತ ಅಕ್ಕ ಮಗಳಿಗೆ ಕಳಿಸಲು ಚಟ್ನಿಪುಡಿ ಕುಟ್ಟುತ್ತಿದ್ದಳು, ಇತ್ತ ಇವರು ಬ್ಯಾಟರಿ ಉಳಿಸುತ್ತಿದ್ದರು. ಒಂದು ದಿನ ನನಗೆ ರೇಗಿಯೇ ಹೋಯಿತು.

"ಇಷ್ಟೆಲ್ಲಾ ಯಾರ ಸಲುವಾಗಿ ಭಾವಾರ? ನೀವೊಬ್ರ ಹೋಗೂದಾದ್ರ ಬಸ್ಸಿಗೆ ಹೋಗ್ರಿ. ಅಕ್ಕಾನ ಬಿಟ್ಟು ಹೋಗಾಕ ಬ್ಯಾಟರಿ ಯಾಕ ಉಳಸ್ತೀರಿ?" ಎಂದೆ.

ಭಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ತಂಬಿಗಿ ನೆಟ್ಟಗ ಹಿಡಿ" ಅಂದರು. ಆ ದಿನ ಮನೆ ಮುಟ್ಟಿದಾಗ ನೋಡಿದೆ. ನನ್ನ ಪ್ಯಾಂಟು ಒಣಗಿಯೇ ಇತ್ತು, ತಂಬಿಗೆಯಲ್ಲಿ ನೀರು ಇದ್ದಷ್ಟೇ ಇತ್ತು. ಭಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತುಳಸಿಗೆ ಸುರಿದು ಒಳಗೆ ಹೋದರು. ನಾನು ಬೈಗುಳ ಮುಂದುವರಿಸಲು ಕೂಡ ಆಗದಷ್ಟು ದಣಿದಿದ್ದೆ.

ಹೊರಡುವ ದಿನ ಬಂತು. ನಾನು ಅಭ್ಯಾಸಬಲದಿಂದ ನಲ್ಲಿಯಲ್ಲಿ ತಂಬಿಗೆ ತುಂಬಿಕೊಂಡು ಹಿಂದಿನ ಬಾಗಿಲು ತೆರೆದೆ. "ಅದು ಇವತ್ತ ಬ್ಯಾಡ. ನೀ ಮುಂದ ಕುಂದರು" ಎಂದರು ಭಾವ. ಅಕ್ಕ ಎಂದಿನಂತೆ ಹೋಳಿಗೆಯ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಡಬ್ಬಿ ಮುಂದೆ ಚಾಚಿದಳು. ಭಾವ ತೆಗೆದುಕೊಳ್ಳಲಿಲ್ಲ.

"ಡಬ್ಬಿ ನೀನ ಹಿಡ್ಕೊ. ಹಿಡ್ಕೊಂಡು ಗಾಡ್ಯಾಗ ಕುಂದರು" ಅಂದರು.

"ನನಗ ಆಗೂದಿಲ್ರಿ. ನಡುದಾರ್ಯಾಗ ನಿಮಗ ತ್ರಾಸು."

"ಖಾನಾಪುರ ತನಕ ಬಾ. ಆಗಲಿಲ್ಲಂದ್ರ ಹೊಳ್ಳಿ ಬರೂಣು."

ಅಕ್ಕ ನನ್ನ ಮುಖ ನೋಡಿದಳು. ನಾನು ನನ್ನ ಕೈಯ ತಂಬಿಗೆ ನೋಡಿದೆ. ಆಗಷ್ಟೇ ನನ್ನ ದಡ್ಡ ತಲೆಗೆ ಹೊಳೆಯಿತು. ಇಷ್ಟು ದಿನ ನಾನು ಕೂತಿದ್ದು ನನ್ನ ಜಾಗದಲ್ಲಲ್ಲ, ಅಕ್ಕನ ಜಾಗದಲ್ಲಿ! ನನ್ನ ತೊಡೆಯ ಮೇಲಿದ್ದದ್ದು ಬ್ಯಾಟರಿಯ ಲೆಕ್ಕವಲ್ಲ, ಅಕ್ಕನ ಹೊಟ್ಟೆಯ ಲೆಕ್ಕ. ಒಳಗೆ ಹೋಗಿ ತಂಬಿಗೆ ಇಟ್ಟು ಬಂದೆ.

ಅಕ್ಕ ಸೆರಗಿನಲ್ಲಿ ಲಿಂಬೆಹಣ್ಣು ಕಟ್ಟಿಕೊಂಡು, ಪ್ಲಾಸ್ಟಿಕ್ ಚೀಲ ಹಿಡಿದು, ಕಣ್ಣು ಮುಚ್ಚಿ ಕೂತಳು. ಭಾವ ಕಾಲು ಎತ್ತಿದ್ದೂ ಗೊತ್ತಾಗಲಿಲ್ಲ, ಒತ್ತಿದ್ದೂ ಗೊತ್ತಾಗಲಿಲ್ಲ. ಉದ್ಯಮಬಾಗ ಹೋಯಿತು, ಪೀರನವಾಡಿ ಹೋಯಿತು, ಮಚ್ಛೆಯೂ ಹೋಯಿತು. ಮಲಪ್ರಭೆಯ ಸೇತುವೆ ಬಂದಾಗ ಭಾವ ತಾವಾಗಿಯೇ ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು. ಹಿಂದೆ ತಿರುಗಿ ನೋಡಲಿಲ್ಲ. ಅವರ ಕೈ ಮಾತ್ರ ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಿತ್ತು.

ಅಕ್ಕ ಕಣ್ಣು ತೆರೆದಳು. "ಯಾಕ ನಿಲ್ಲಿಸಿದ್ರಿ?" ಅಂದಳು. ಹೊಳೆ ನೋಡಿದಳು, ಎಲ್ಲಿದ್ದೇವೆಂದು ಗೊತ್ತಾಯಿತು. ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಂಡಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿತು.

"ಒಂದ್ ಹೋಳಿಗಿ ತಿಂತೇನ್ರಿ. ಹಸಿವ್ಯಾಗೇತಿ."

ಮದುವೆಯಾದಂದಿನಿಂದ ಯಾವ ಗಾಡಿಯಲ್ಲೂ ಬಾಯಿಗೆ ಒಂದು ತುತ್ತು ಹಾಕದವಳು ನಮ್ಮ ಅಕ್ಕ. ಭಾವ ಕೆಳಗಿಳಿದು ಟೈರು ನೋಡಿದರು. ಏನೂ ಆಗಿರದ ಆ ಟೈರನ್ನು ಅವರು ಯಾಕೆ ಅಷ್ಟು ಹೊತ್ತು, ನಮಗೆ ಬೆನ್ನು ಹಾಕಿ ನೋಡಿದರೆಂದು ನಾನು ಕೇಳಲಿಲ್ಲ. ಗೆಳೆಯರ ಮನೆಯ ಪ್ಲಗ್ಗಿನ ನೆನಪೂ ಅವರಿಗೆ ಆಗಲಿಲ್ಲ. ಒಳಗೆ ಬಂದು ಕೂತವರು ಗಂಟಲು ಸರಿಮಾಡಿಕೊಂಡು ಹಳೆಯ ಧಾಟಿ ತೆಗೆದರು.

"ಬೆಳಗಾವಿಯಿಂದ ಖಾನಾಪುರ, ರಾಮನಗರ, ಜೋಯಿಡಾ ಮಾರ್ಗವಾಗಿ ಕಾರವಾರಕ್ಕೆ..." ಎಷ್ಟೋ ಸಾವಿರ ಮಂದಿಗೆ ತಪ್ಪಿಲ್ಲದೆ ಹೇಳಿ ಕಳಿಸಿದ ಮಾತು, ಈಗ ಅರ್ಧಕ್ಕೇ ನಿಂತಿತು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಿಂದಿನ ಸೀಟಿನಿಂದ ಕೈ ಮುಂದೆ ಚಾಚಿ ಮೆಲ್ಲಗೆ ಅಂದಳು: "ಕಾರವಾರಕ ಒಂದ್ ಟಿಕೇಟ್ ಕೊಡ್ರಿ."