ಮಾವನ ಬೊಲೆರೊದಲ್ಲಿ ಮಾರಿಕಣಿವೆಗೆ

"ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಶಿವರಾಜಣ್ಣ ಮಾರಿಕಣಿವೆ ಡ್ಯಾಮ್ ಮುಂದೆ ನಿಂತಿರ್ತಾರೆ. ಹತ್ತು ಐದಕ್ಕೆ ಆಡಿದ ಮಾತು ವಾಪಸ್ ತಗಂತಾರೆ. ಬೇಕಾದ್ರೆ ಬರ್ದಿಟ್ಕ!" ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

ನನ್ನ ಹೆಂಡತಿ ಹೇಮಾವತಿ ಬರೆದಿಟ್ಟುಕೊಳ್ಳಲಿಲ್ಲ. "ಒಂಚೂರು ಆ ಕಡೆ ಸರೀರಿ, ಹಾಲು ಉಕ್ತೈತೆ" ಎಂದಳು.

ಆ ಮಾತು ಯಾವುದೆಂದು ಹೇಳಿಬಿಡುತ್ತೇನೆ. ಶಿವರಾಜಣ್ಣ ನನ್ನ ಷಡ್ಡಕ, ಅಂದರೆ ಹೇಮಾವತಿಯ ಅಕ್ಕ ಆಶಾರಾಣಿಯ ಯಜಮಾನರು. ಹೊಸಪೇಟೆಯಲ್ಲಿ ಹೆಡ್‌ಮಾಸ್ತರು. ಹೋದ ದಸರಾ ರಜೆಯಲ್ಲಿ ನಮಗೆ ಅವರ ಊರು ತೋರಿಸಿದ್ದರು. ಆರಕ್ಕೆ ಕಾಫಿ, ಏಳಕ್ಕೆ ಹಂಪಿ, ಒಂದಕ್ಕೆ ಊಟ, ನಾಲ್ಕಕ್ಕೆ ತುಂಗಭದ್ರಾ ಡ್ಯಾಮು. ಎಲ್ಲವೂ ಶಾಲೆಯಲ್ಲಿ ಬೆಲ್ ಹೊಡೆದ ಹಾಗೆ! ಮೂತ್ರಕ್ಕೆ ಹೋಗಲೂ ಪಟ್ಟಿಯಲ್ಲಿ ಹತ್ತು ನಿಮಿಷ ಬರೆದಿಟ್ಟಿದ್ದರು ಪುಣ್ಯಾತ್ಮರು. ಆ ಡ್ಯಾಮಿನ ಮುಂದೆ ನಿಂತಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ನಮ್ಮಲ್ಲೂ ಮಾರಿಕಣಿವೆ ಐತಣ್ಣ" ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹೌದಾ? ಅದು ಕೆರಿ ಅಲ್ಲೇನು?" ಎಂದುಬಿಟ್ಟರು.

ಕೆರೆ! ನೂರು ವರ್ಷ ದಾಟಿದ ಅಣೆಕಟ್ಟನ್ನು ಕೆರೆ ಎನ್ನುವುದೇ? ಅವತ್ತು ಮಿರ್ಚಿ ಬಜ್ಜಿ ಕೂಡ ಗಂಟಲಲ್ಲಿ ಇಳಿಯಲಿಲ್ಲ. (ಎರಡು ತಿಂದೆ, ಮೂರನೆಯದು ಇಳಿಯಲಿಲ್ಲ.) ಆಗಿನಿಂದ ನನಗೆ ಒಂದೇ ಹಟ: ಈ ಮನುಷ್ಯನನ್ನು ಮಾರಿಕಣಿವೆಯ ಮುಂದೆ ನಿಲ್ಲಿಸಬೇಕು, ಬಾಯಿ ಕಳೆದುಕೊಂಡು ನೋಡುವಂತೆ ಮಾಡಬೇಕು. ದೇವರು ಕಣ್ಣು ಬಿಟ್ಟ. ಡ್ಯಾಮು ತುಂಬಿ ಕೋಡಿ ಬಿತ್ತು. ಅದೇ ವಾರ ಷಡ್ಡಕರೂ ಆಶಾರಾಣಿಯಕ್ಕನೂ ಎರಡು ದಿನಕ್ಕೆಂದು ಚಿತ್ರದುರ್ಗದ ನಮ್ಮ ಮನೆಗೆ ಬಂದರು. "ದುರ್ಗದ ಕೋಟಿ ನಾನು ಸಾಲಿ ಹುಡುಗರನ್ನ ಕರ್ಕೊಂಡು ಹತ್ತು ಸಲ ನೋಡೀನಿ. ನಿನ್ನ ಕೆರಿ ತೋರ್ಸಪಾ" ಎಂದರು. ಮತ್ತೆ ಕೆರೆ!

ನಾನೂ ಏನು ಕಡಿಮೆಯವನಲ್ಲ. ಇಪ್ಪತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ನೋಡಿದವನು. ಕಾರ್ಯಕ್ರಮ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಮೇಲೆ 'ಪ್ರವಾಸ ವಿವರ' ಎಂದು ದಪ್ಪಕ್ಷರ ಹಾಕಿಸಿ, ಕೆಳಗೆ ಸಹಿಯನ್ನೂ ಮಾಡಿದೆ. ವಾಹನಕ್ಕೆ ಮಾತ್ರ ಹಿರೇಗುಂಟನೂರಿನ ನನ್ನ ಸೋದರಮಾವ ಬೋರಯ್ಯನವರಿಗೆ ಫೋನ್ ಮಾಡಿದೆ. ಅವರ ಬಿಳಿ ಬೊಲೆರೊ ಇರುವಾಗ ಬೇರೆ ಚಿಂತೆ ಯಾಕೆ?

"ಬಾಡಿಗೆ ಕಾರು ಮಾಡ್ಕಂಡು ಹೋಗಾಣ ಕಣ್ರಿ" ಎಂದಳು ಹೇಮಾವತಿ.

"ಮಾವನ ಗಾಡಿ ಇರೋವಾಗ ಬಾಡಿಗೆ ಕಾರಾ? ಗೊತ್ತಾದ್ರೆ ಎಷ್ಟು ನೊಂದ್ಕಂತಾರೆ!"

"ಅವ್ರು ನೊಂದ್ಕಂಡ್ರೂ ಪರವಾಗಿಲ್ಲ. ಆ ಗಾಡಿ ಹತ್ತಿ ಯಾವತ್ತಾದ್ರೂ ಹೊತ್ತಿಗೆ ಸರಿಯಾಗಿ ಎಲ್ಲಿಗಾದ್ರೂ ಹೋಗಿದೀವಾ?"

ಹೆಂಗಸರಿಗೆ ನೆಂಟಸ್ತಿಕೆಯ ಬೆಲೆ ಗೊತ್ತಾಗುವುದಿಲ್ಲ ಎಂದು ನಾನು ಉದಾರವಾಗಿ ಕ್ಷಮಿಸಿದೆ.

ಮಾರಿಕಣಿವೆಗೆ ಹಿರಿಯೂರಿನ ಮೇಲೆ ಹೋಗಬೇಕು. ಹಿರೇಗುಂಟನೂರು ಆ ದಾರಿಯಲ್ಲಿಲ್ಲ. ಅದು ಬೇರೆಯೇ ದಿಕ್ಕು. ಆದರೆ ಮಾವ, "ಗಾಡಿ ಕೊಡ್ತೀನಿ ಕಣಲೇ, ನೆಂಟ್ರನ್ನ ಕರ್ಕಂಡು ಬಂದು ತಗಂಡು ಹೋಗು. ನೀನೊಬ್ನೇ ಬಂದ್ರೆ ಕೀಲಿ ಕೊಡಲ್ಲ" ಎಂದಿದ್ದರು. ಆದ್ದರಿಂದ ಮಾರಿಕಣಿವೆಗೆ ಹೊರಟ ನಾವು ನಾಲ್ವರೂ ಬೆಳಿಗ್ಗೆ ಆರರ ಬಸ್ಸಿನಲ್ಲಿ ಮಾರಿಕಣಿವೆಗೆ ಬೆನ್ನು ಹಾಕಿ ಹೊರಟೆವು. ಪಟ್ಟಿಯ ಪ್ರಕಾರ ಹಿರೇಗುಂಟನೂರಿನಲ್ಲಿ ನಿಲ್ಲುವುದು ಹದಿನೈದು ನಿಮಿಷ.

ಹದಿನೈದು ನಿಮಿಷದಲ್ಲಿ ಕೈಕಾಲು ತೊಳೆದಿದ್ದಾಯಿತು. "ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಮಾವ ಕಂಬಳಿ ಹಾಸಿದರು. ಮಾವನ ಹೆಂಡತಿ ತಿಪ್ಪಮ್ಮತ್ತೆ ಆಗಷ್ಟೇ ಒಲೆ ಹಚ್ಚಿ ಶಾವಿಗೆ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಅದು ಮುಗಿದ ಮೇಲೆ ಆಶಾರಾಣಿಯಕ್ಕನನ್ನು ಮಣೆಯ ಮೇಲೆ ಕೂರಿಸಿದರು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು, ಮಡಿಲು ತುಂಬದೆ ಕಳಿಸುವುದುಂಟೆ? ಅಕ್ಕಿ, ಬೆಲ್ಲ, ತೆಂಗಿನಕಾಯಿ, ಜಾಕೆಟ್ ಪೀಸು. ಜಾಕೆಟ್ ಪೀಸು ಇದ್ದ ಟ್ರಂಕಿನ ಕೀಲಿ ಎಲ್ಲೂ ಸಿಕ್ಕಲಿಲ್ಲ. ಹುಡುಕಿದೆವು. ಹೆಡ್‌ಮಾಸ್ತರೂ ಮಂಚದ ಕೆಳಗೆ ಬಗ್ಗಿ ಹುಡುಕಿದರು. ಒಂಬತ್ತೂವರೆಗೆ ಬೊಲೆರೊ ಹೊರಟಿತು.

"ಹತ್ತಕ್ಕ ನಾವು ಡ್ಯಾಮ್ ಮುಂದ ಇರಬೇಕಿತ್ತಲ್ಲಪಾ?" ಎಂದರು ಶಿವರಾಜಣ್ಣ, ಗಡಿಯಾರ ನೋಡುತ್ತ.

"ಹನ್ನೊಂದೂವರೆಗೆ ಇರ್ತೀವಿ ಅಣ್ಣ. ಹೈವೇ! ಗಾಡಿ ನೀರು ಹರಿದಂಗೆ ಹೋಗ್ತೈತೆ."

ಇಲ್ಲಿ ಬೊಲೆರೊದ ಬಗ್ಗೆ ಒಂದು ಮಾತು. ಬೋರಯ್ಯಮಾವ ಕುರಿ ಸಾಕಾಣಿಕೆದಾರರ ಸಂಘದ ಮಾಜಿ ಅಧ್ಯಕ್ಷರು. ಮೂವತ್ತು ವರ್ಷ ಕುರಿ ವ್ಯಾಪಾರಕ್ಕೆ ತಿರುಗದ ಊರಿಲ್ಲ, ಮುರಿದು ಕೂಡಿಸದ ನೆಂಟಸ್ತಿಕೆಯಿಲ್ಲ. ಗಾಡಿಯ ಮುಂದಿನ ಗಾಜಿನ ಮೇಲೆ ಮೊಳದುದ್ದದ ಅಕ್ಷರದಲ್ಲಿ 'ಬೋರಯ್ಯ, ಹಿರೇಗುಂಟನೂರು' ಎಂದು ಬರೆಸಿದ್ದಾರೆ. ಅದನ್ನು ನಾನು ಹೆಮ್ಮೆಯಿಂದ ಷಡ್ಡಕರಿಗೆ ತೋರಿಸಿದೆ. "ನೋಡ್ರಣ್ಣ, ಈ ಜಿಲ್ಲೇಲಿ ನಮ್ಗೆ ನೆಂಟ್ರಿಲ್ಲದ ಊರೇ ಇಲ್ಲ!" ಹಿಂದಿನ ಸೀಟಿನಲ್ಲಿ ಹೇಮಾವತಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಎಂದುಕೊಂಡೆ.

ಐಮಂಗಲದ ಹತ್ತಿರ ಹೆದ್ದಾರಿಯ ಪಕ್ಕದಲ್ಲೇ ಒಬ್ಬ ಟವೆಲ್ ಬೀಸುತ್ತಿದ್ದ. ನನ್ನ ದೊಡ್ಡಪ್ಪನ ಮಗ ಕರಿಸಿದ್ದಪ್ಪ!

"ಮಾವ ಫೋನ್ ಮಾಡಿದ್ರು ಕಣಲೇ. ಎಂಟು ಗಂಟೆಯಿಂದ ನಿಂತಿದೀನಿ. ಇಳೀರಿ, ಇಳೀರಿ!"

"ಬರ್ತಾ ಬರ್ತೀವಿ ಕರಿಸಿದ್ದ, ಹೊತ್ತಾಗ್ತೈತೆ..."

"ಓ, ಹಂಗೋ! ಮಾವನ ಮನೆ ಉಪ್ಪಿಟ್ಟು ರುಚಿ, ನನ್ನ ಮನೆ ಮಂಡಕ್ಕಿ ಕಹಿನಾ? ಹೋಗಪ್ಪ, ಹೋಗು. ದೊಡ್ಡೋರು ನೀವು."

ಇಂಥ ಮಾತು ಕೇಳಿಸಿಕೊಂಡು ಗೇರ್ ಹಾಕುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಇಳಿದೆವು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ, ಆಮೇಲೆ "ಟೀ ಸರಿ ಬರ್ಲಿಲ್ಲ" ಎಂದು ಇನ್ನೊಂದು ಟೀ. ಆಶಾರಾಣಿಯಕ್ಕನಿಗೆ ಎರಡನೇ ಮಡಿಲಕ್ಕಿ. ಹೊರಡುವಾಗ ಕರಿಸಿದ್ದಪ್ಪ ಕುರಿ ರೊಪ್ಪಕ್ಕೆ ನುಗ್ಗಿ ಒಂದು ಮರಿಯನ್ನು ಎತ್ತಿಕೊಂಡು ಬಂದು ಹೆಡ್‌ಮಾಸ್ತರ ತೋಳಿನಲ್ಲಿಟ್ಟ.

"ಮೊದಲ್ನೇ ಸಲ ಬಂದಿರೋ ನೆಂಟ್ರು. ಬರಿಗೈಲಿ ಕಳ್ಸಿದ್ರೆ ಊರೋರು ನಗಲ್ವಾ?"

"ಅಯ್ಯ, ಇದನ್ನ ಎಲ್ಲಿ ಕಟ್ಲಿ? ನಮ್ದು ಎರಡನೇ ಮಹಡಿ ಮನಿ!"

"ಬಾಲ್ಕನಿ ಇಲ್ವಾ?" ಎಂದ ಕರಿಸಿದ್ದಪ್ಪ, ಬಹಳ ಯೋಚಿಸಿ.

ಮರಿಯೂ ಬೊಲೆರೊ ಹತ್ತಿತು. ಸ್ವಲ್ಪ ದೂರ ಹೋದ ಮೇಲೆ ಶಿವರಾಜಣ್ಣ, "ಮುಂದಿಂದು ಏನೈತಿ, ಪಟ್ಟಿ ಕೊಡು ನೋಡೋಣ" ಎಂದರು. ಪಟ್ಟಿ ಸೀಟಿನ ಮೇಲಿತ್ತು. ಅಂದರೆ ಅದರ ಕೆಳಗಿನ ಅರ್ಧ ಸೀಟಿನ ಮೇಲಿತ್ತು. ಮೇಲಿನ ಅರ್ಧವನ್ನು ಮರಿ ನಿಧಾನವಾಗಿ, ಅಭ್ಯಾಸ ಇದ್ದವರ ಹಾಗೆ ಅಗಿಯುತ್ತಿತ್ತು. ನನ್ನ ಸಹಿಯೊಂದು ಉಳಿದಿತ್ತು. ಆಶಾರಾಣಿಯಕ್ಕ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡಳು. ಹೇಮಾವತಿ ಕಣ್ಣು ತೆರೆದು, "ಸದ್ಯ, ಅದಕ್ಕಾದ್ರೂ ಉಪಯೋಗ ಆಯ್ತು" ಎಂದಳು.

ಹಿರಿಯೂರಿನ ಒಳಗೆ ಹೋಗಲೇಬಾರದು, ಬೈಪಾಸಿನಲ್ಲೇ ದಾಟಿಬಿಡಬೇಕು ಎಂದು ತೀರ್ಮಾನಿಸಿದೆ. ಕೆಂಚಕ್ಕ ನನಗಿಂತ ಬುದ್ಧಿವಂತೆ. ಈಕೆ ನನ್ನ ಒಡಹುಟ್ಟಿದ ಅಕ್ಕ, ಹಿರಿಯೂರಿನಲ್ಲಿ ತೆಂಗಿನಕಾಯಿ ವ್ಯಾಪಾರದವರ ಮನೆ ಸೇರಿದವಳು. ನಾನು ಹೀಗೆ ಮಾಡಬಹುದೆಂದು ಊಹಿಸಿ ಬೈಪಾಸಿಗೇ ಬಂದು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು!

"ಲೇ ಓಬಳೇಶ! ಒಡಹುಟ್ಟಿದೋಳ ಊರಿಗೆ ಬಂದು ಹಿಂಬಾಗ್ಲಲ್ಲಿ ಹೋಗ್ತಿಯೇನೋ?"

ಅವಳ ಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು. ಊಟ ಮುಗಿದಾಗ ಮೂರೂವರೆ. ಮೂರನೇ ಮಡಿಲಕ್ಕಿ ಮುಗಿದಾಗ ನಾಲ್ಕೂಕಾಲು. ಮೂಟೆ ತೆಂಗಿನಕಾಯಿ ಹೇರಿದಾಗ ಐದು. ಶಿವರಾಜಣ್ಣ ಗಡಿಯಾರ ನೋಡುವುದನ್ನು ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಮುಂದಿನ ಸೀಟಿನಲ್ಲಿ ಬೆಲ್ಟ್ ಸಡಿಲಿಸಿಕೊಂಡು ಕೂತಿದ್ದರು. ತೊಡೆಯ ಮೇಲೆ ಮರಿ, ಕಾಲ ಕೆಳಗೆ ತೆಂಗಿನಕಾಯಿ. ಈಗ ಗಡಿಯಾರ ನೋಡುವ ಸರದಿ ನನ್ನದು. ನಾಳೆ ಮಧ್ಯಾಹ್ನ ಇವರು ಹೊಸಪೇಟೆಯ ಬಸ್ಸು ಹತ್ತಿಬಿಡುತ್ತಾರೆ. ಇವತ್ತು ತೋರಿಸದಿದ್ದರೆ ನಮ್ಮ ಮಾರಿಕಣಿವೆ ಅವರ ಬಾಯಲ್ಲಿ ಸಾಯುವ ತನಕ ಕೆರೆಯೇ.

ಬೊಲೆರೊ ಹಾರಿತು. ನಾವು ಡ್ಯಾಮಿನ ಗೇಟು ಮುಟ್ಟುವುದಕ್ಕೂ ಕಾವಲುಗಾರ ಅದಕ್ಕೆ ಬೀಗ ಜಡಿಯುವುದಕ್ಕೂ ಸರಿಹೋಯಿತು. ಒಳಗಿನಿಂದ ನೀರಿನ ಭೋರ್ಗರೆತ ಕೇಳುತ್ತಿತ್ತು. ನೀರು ಮಾತ್ರ ಕಾಣುತ್ತಿರಲಿಲ್ಲ.

"ಅಣ್ಣ, ಐದೇ ನಿಮಿಷ! ದೂರದಿಂದ ನೆಂಟ್ರು ಬಂದವ್ರೆ!"

"ಹೊತ್ತು ಮುಗೀತು ಸಾರ್, ಬಿಡಂಗಿಲ್ಲ" ಎನ್ನುತ್ತಲೇ ಅವನು ಬೊಲೆರೊದ ಗಾಜು ಓದಿದ. ಮುಖ ಅರಳಿತು. "ಅರೆ! ಬೋರಯ್ಯತಾತನ ಗಾಡಿ! ನಾನು ತಿಪ್ಪಮ್ಮಜ್ಜಿ ತಂಗಿ ಮೊಮ್ಮಗ! ನೀವು ಓಬಳೇಶಪ್ಪ ಅಲ್ವಾ?"

ಆ ಕ್ಷಣದಲ್ಲಿ ನನ್ನ ಎದೆ ಆ ಡ್ಯಾಮಿನಷ್ಟೇ ತುಂಬಿತು! ಷಡ್ಡಕರ ಕಡೆ ತಿರುಗಿ ಒಂದು ನೋಟ ಬೀರಿದೆ. ನೋಡಿದಿರಾ, ನೆಂಟರೆಂದರೆ ಇದಕ್ಕೆ ಬೇಕು! "ಹಂಗಾದ್ರೆ ಗೇಟ್ ತೆಗಿಯಪ್ಪ" ಎಂದೆ ಗತ್ತಿನಿಂದ.

"ಗೇಟ್ ತೆಗ್ಯಕ್ಕಾಗಲ್ಲ ಮಾವ, ರೂಲ್ಸ್ ಐತೆ" ಎಂದು ಅವನು ಕೀಲಿಯನ್ನು ಜೇಬಿಗೆ ಹಾಕಿಕೊಂಡು ನನ್ನ ಕೈ ಹಿಡಿದ. "ನಮ್ಮನೆ ಇಲ್ಲೇ ಹಿಂದ್ಗಡೆ ಐತೆ. ಬರ್ರಿ, ಹೊಸಾ ಮೀನು ತಂದಿದೀನಿ. ಉಣ್ಣದೆ ಹೋದ್ರೆ ತಾತ ನನ್ನ ಬೈತಾರೆ."

ಉಂಡೆವು. ನಾಲ್ಕನೇ ಮಡಿಲಕ್ಕಿಯೂ ಆಯಿತು. ದುರ್ಗಕ್ಕೆ ವಾಪಸ್ ಬರುವ ದಾರಿಯುದ್ದಕ್ಕೂ ಮರಿಯೊಂದೇ ಅರಚುತ್ತಿತ್ತು. ಮಲಗುವ ಮುಂಚೆ ಶಿವರಾಜಣ್ಣ ಒಂದೇ ಮಾತು ಹೇಳಿದರು: "ಸಪ್ಪಳ ಕೇಳಿದ್ರ ಕೆರಿ ದೊಡ್ಡದೇ ಇದ್ದಂಗ ಐತಿ." ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಬೆಳಿಗ್ಗೆ ಎದ್ದಾಗ ಒಂಬತ್ತು ಗಂಟೆ. ಮನೆ ನಿಶ್ಶಬ್ದ. ಷಡ್ಡಕರಿಲ್ಲ, ಆಶಾರಾಣಿಯಕ್ಕನಿಲ್ಲ, ಹೆಂಡತಿಯೂ ಇಲ್ಲ! ಗೇಟಿಗೆ ಕಟ್ಟಿದ್ದ ಮರಿ ದಾಸವಾಳದ ಗಿಡವನ್ನು ಮುಗಿಸಿ ಮಲ್ಲಿಗೆಗೆ ಬಂದಿತ್ತು. ಗಾಬರಿಯಲ್ಲಿರುವಾಗ ಫೋನ್ ಬಂತು. ಶಿವರಾಜಣ್ಣ! ಹಿಂದೆ ನೀರಿನ ಅಬ್ಬರ.

"ಓಬಳೇಶಾ! ಡ್ಯಾಮ್ ಮುಂದ ನಿಂತೀನಿ. ಮಾತು ವಾಪಸ್ ತಗೊಂಡೆ ನೋಡಪಾ. ಇದು ಕೆರಿ ಅಲ್ಲ, ಸಮುದ್ರ! ಏನು ನೀರು, ಏನು ಕಟ್ಟೋಣ! ಒಮ್ಮೆ ನೀನೂ ಬಂದು ನೋಡು!"

"ಅಣ್ಣ, ಹೆಂಗ್ ಹೋದ್ರಿ?" ಎಂದೆ.

ಫೋನು ಹೇಮಾವತಿಯ ಕೈಗೆ ಹೋಯಿತು. "ಮೊದಲ್ನೇ ಬಸ್ಸಿಗೆ ಬಂದ್ವಿ. ಬಸ್ಸಿಗೆ ನೆಂಟ್ರಿಲ್ಲ ಕಣ್ರಿ. ಮರಿಗೆ ಒಂದಿಷ್ಟು ಸೊಪ್ಪು ಹಾಕ್ರಿ, ಬರ್ತೀವಿ."

ಸಹಿಸುವುದು ಹೇಗೆ? ಹನ್ನೊಂದು ತಿಂಗಳು ಕಾದ ಗಳಿಗೆ ನಾನಿಲ್ಲದೆ ನಡೆದುಹೋಯಿತು! ಆ ಬಾಯಿ ಕಳೆದುಕೊಂಡ ಮುಖವನ್ನು ಒಂದು ಸಲವಾದರೂ ಕಣ್ಣಾರೆ ನೋಡಲೇಬೇಕು. ಮರಿಗೆ ಸೊಪ್ಪು ಎಸೆದು, ನಿನ್ನೆಯ ಪ್ಯಾಂಟನ್ನೇ ಏರಿಸಿ ಹೊರಗೆ ಓಡಿದೆ. ಬೊಲೆರೊ ಬಾಗಿಲಲ್ಲೇ ನಿಂತಿತ್ತು. ಅದರ ಕಡೆ ನೋಡದೆ ಬಸ್ ನಿಲ್ದಾಣಕ್ಕೆ ಹೋಗಿ ಹಿರಿಯೂರಿನ ಬಸ್ಸು ಹತ್ತಿದೆ.

ಕಂಡಕ್ಟರ್ ಟಿಕೆಟ್ ಹರಿಯುತ್ತ ನನ್ನ ಮುಖವನ್ನೇ ದಿಟ್ಟಿಸಿದ. "ಸಾರ್, ನೀವು ಹಿರೇಗುಂಟನೂರು ಬೋರಯ್ಯನೋರ ತಂಗಿ ಮಗ ಅಲ್ವಾ? ನಾನು ಐಮಂಗಲದ ಕರಿಸಿದ್ದಪ್ಪನ ಭಾಮೈದ!"

ಕೆಟ್ಟೆ! ಇವನು ಐಮಂಗಲದಲ್ಲಿ ಬಸ್ಸನ್ನೇ ನಿಲ್ಲಿಸಿ ಎಲ್ಲರಿಗೂ ಮಂಡಕ್ಕಿ ಹಾಕಿಸುವವನೇ!

"ಯಾವ ಬೋರಯ್ಯ? ಯಾವ ಹಿರೇಗುಂಟನೂರು? ನಾನು ಹುಬ್ಬಳ್ಳಿಯೋನು ಕಣ್ರಿ. ಈ ಜಿಲ್ಲೇಲಿ ನಂಗೆ ಒಂದು ನರಪಿಳ್ಳೆ ಪರಿಚಯ ಇಲ್ಲ!" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದೆ.

ಕಂಡಕ್ಟರ್ ಟಿಕೆಟನ್ನು ನನ್ನ ಕೈಗಿಟ್ಟ. ಅವನ ಕಣ್ಣು ನನ್ನ ಹಿಂದಿನ ಸೀಟಿಗೆ ಹೋಯಿತು. ಅಲ್ಲಿ ಕಂಬಳಿ ಹೊದ್ದು ತೂಕಡಿಸುತ್ತಿದ್ದ ಮುದುಕರೊಬ್ಬರು ಕಂಬಳಿ ಸರಿಸಿದರು. ಹುಟ್ಟಿದಾಗಿನಿಂದ ನನ್ನನ್ನು "ಲೇ" ಎಂದೇ ಕರೆದ ಬೋರಯ್ಯಮಾವ, ಎರಡೂ ಕೈ ಜೋಡಿಸಿ, ಬಹಳ ಮರ್ಯಾದೆಯಿಂದ ಹೇಳಿದರು:

"ನಮಸ್ಕಾರ ಹುಬ್ಬಳ್ಳಿ ಸಾಹೇಬ್ರಿಗೆ. ತಾವ್ಯಾರೋ ನಂಗೂ ಗೊತ್ತಿಲ್ಲ. ರಾತ್ರಿ ಗಾಡಿ ವಾಪಸ್ ಬರ್ಲಿಲ್ಲ ಅಂತ ಹಿರಿಯೂರಿಗೆ ಹುಡುಕ್ಕಂಡು ಹೊಂಟಿದ್ದೆ. ನನ್ನ ಗಾಡಿ ಕೀಲಿ ಅದು ಹೆಂಗೋ ತಮ್ಮ ಜೇಬಿನಾಗೆ ಐತೆ. ಅದೊಂದು ಕೊಟ್ಬಿಟ್ರೆ ಇಲ್ಲೇ ಇಳ್ಕಂತೀನಿ."