ಅಡಗಿಸಿಟ್ಟ ಊಟದ ಶೀಟು

ಯಂಕೇಶನ ಎಕ್ಸೆಲ್ ಫೈಲಿನಲ್ಲಿ ಇರಬಾರದಾಗಿದ್ದ ಶೀಟು ಒಂದೇ ಒಂದು. ಅದರ ಹೆಸರು ‘ಊಟ’.

ಯಂಕೇಶ ಬ್ರಹ್ಮಚಾರಿ. ಭಾಗ್ಯನಗರದ ಅವನ ಕೋಣೆಯಲ್ಲಿ ಒಲೆಯಿತ್ತು, ಹಚ್ಚುವ ಮನಸ್ಸಿರಲಿಲ್ಲ. ಕೊಪ್ಪಳದಲ್ಲಿ ಹಾಸ್ಟೆಲುಗಳ ಉಸ್ತುವಾರಿ ನೋಡುವ ಒಂದು ಕಚೇರಿಯಲ್ಲಿ ಅವನಿಗೆ ಕಂಪ್ಯೂಟರ್ ಕೆಲಸ. ಅಲ್ಲಿ ಮಧ್ಯಾಹ್ನ ಎಲ್ಲರ ಡಬ್ಬಿಗಳೂ ಒಂದೇ ಟೇಬಲ್ಲಿಗೆ ಬರುತ್ತಿದ್ದವು. ಡಬ್ಬಿ ತಾರದ ಯಂಕೇಶನಿಗೆ ಎಲ್ಲರ ಡಬ್ಬಿಯೂ ತನ್ನದೇ. ಯಾವ ದಿನ ಯಾರ ಪಕ್ಕ ಕೂತರೆ ಲಾಭ ಎಂದು ತಿಳಿಯಲು ಒಬ್ಬೊಬ್ಬರ ಅಡುಗೆಗೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟುಕೊಂಡಿದ್ದ. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಈ ಪುಣ್ಯಾತ್ಮ ಎಣಿಸಿದ್ದಲ್ಲದೆ, ಸರಾಸರಿ ತೆಗೆದು, ಬಣ್ಣ ಹಚ್ಚಿ, ಶೀಟನ್ನು ಅಡಗಿಸಿಟ್ಟಿದ್ದ.

ಅಂದು ಬೆಳಿಗ್ಗೆ ಅಂದಪ್ಪ ಸಾಹೇಬರು ಬಂದವರೇ ಹುಕುಂ ಮಾಡಿದರು. “ಯಂಕೇಶ, ಹನ್ನೊಂದಕ್ಕ ಮೀಟಿಂಗ್ ಐತಿ. ನಿನ್ನ ಫೈಲಿನ್ಯಾಗ ಇದ್ದಬದ್ದ ಶೀಟೆಲ್ಲಾ ಹೊಸಾ ಫೈಲಿಗೆ ನಕಲು ಮಾಡಿ ಕೊಡು. ಹಳೇ ವರ್ಷದ್ದು ಅಡಗಿಸಿ ಇಟ್ಟಿರ್ತೀಯಲ್ಲ, ಅವೂ ಬೇಕು.”

ಶೀಟುಗಳು ರಾಶಿ ಇದ್ದವು. ಯಂಕೇಶ ಒಂದು ಮ್ಯಾಕ್ರೋ ಬರೆದು ಗುಂಡಿ ಒತ್ತಿದ. ಅದು ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟಿತು.

“ಮ್ಯಾಕ್ರೋ ಅಂದ್ರೇನಪಾ ತಮ್ಮಾ?” ಹಿರಿಯ ಗುಮಾಸ್ತ ವಿರುಪಣ್ಣ ಕುರ್ಚಿ ಸಮೇತ ಬಂದ.

“ಬರದಿಟ್ಟ ಹುಕುಂ ಇದ್ದಂಗ್ರಿ ಕಾಕಾ. ಒಂದ್ ಗುಂಡಿ ಒತ್ತಿದ್ರ ಶೀಟೆಲ್ಲಾ ತಾನಾ ನಕಲಾಗ್ತಾವು.”

“ಮತ್ತ ನಿಂತೈತಲ್ಲೋ?”

ಪಕ್ಕದ ಟೇಬಲ್ಲಿನ ಭವಾನಿ ಮೇಡಂ ಕತ್ತು ಚಾಚಿದರು. “ಅಡಗಿಸಿದ ಶೀಟು ಬಂದ್ರ ಅದು ಹಿಂಗಽ ಮುನಿಸ್ಕೊಂತೈತ್ರಿ. ಮೊದ್ಲ ಎಲ್ಲಾ ತೆರೀಬೇಕು, ನಕಲು ಮಾಡ್ಬೇಕು, ಆಮ್ಯಾಲ ಮತ್ತ ಮುಚ್ಚಬೇಕು. ಸರೀರಿ, ನಾ ತೆರದು ತೋರಿಸ್ತೀನಿ.”

ಅವರ ಕೈ ಮೌಸಿನ ಕಡೆ ಬಂತು. ಯಂಕೇಶ ಚೀರಿದ. “ಮುಟ್ಟಬ್ಯಾಡ್ರಿ ಮೇಡಂ! ಕರೆಂಟ್ ಹೊಡೀತೈತಿ!”

“ಕರೆಂಟಾ!” ಎಂದು ಕೂಗಿದ ವಿರುಪಣ್ಣ, ಪರೋಪಕಾರಿ ಮನುಷ್ಯ, ಓಡಿಹೋಗಿ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟ. ಫ್ಯಾನು ನಿಂತಿತು, ಕಂಪ್ಯೂಟರುಗಳೆಲ್ಲ ಕಣ್ಣು ಮುಚ್ಚಿದವು. ಕಚೇರಿಯವರೆಲ್ಲ ಯಂಕೇಶನ ಸುತ್ತ ನೆರೆದು, ಅಂಗೈ ತಿಕ್ಕಿ, ನೀರು ಕುಡಿಸಿದರು.

ಮತ್ತೆ ಕಂಪ್ಯೂಟರ್ ಎದ್ದಾಗ ಹನ್ನೊಂದಾಗಲು ಬಂದಿತ್ತು. ‘ಊಟ’ವನ್ನು ಅಳಿಸಿಬಿಡಬಹುದಿತ್ತು. ಆದರೆ ಎರಡು ವರ್ಷ ಉಂಡು ಕಟ್ಟಿದ ಜ್ಞಾನ, ಕೈ ಬರಲಿಲ್ಲ. ತೆರೆ, ನಕಲು ಮಾಡು, ಮುಚ್ಚು ಎಂದು ಬರೆದು ಗುಂಡಿ ಒತ್ತಿದ. ಸರಸರ ಮುಗಿಯಿತು. ತನ್ನ ಫೈಲು ನೋಡಿದ, ‘ಊಟ’ ಮೊದಲಿನಂತೆ ಮುಚ್ಚಿಕೊಂಡಿತ್ತು. ನಿರಾಳವಾಗಿ ಹೊಸ ಫೈಲನ್ನು ಸಾಹೇಬರಿಗೆ ಕಳಿಸಿದ.

ಮೀಟಿಂಗಿನಲ್ಲಿ ಪ್ರೊಜೆಕ್ಟರು ಗೋಡೆಯ ಮೇಲೆ ಒಂದೊಂದೇ ಶೀಟು ತೋರಿಸತೊಡಗಿತು. ಗಂಗಾವತಿ ಬಂತು, ಕುಷ್ಟಗಿ ಬಂತು, ಯಲಬುರ್ಗಾ ಬಂತು. ಆಮೇಲೆ ಊಟ ಬಂತು. ಅವನ ಮ್ಯಾಕ್ರೋ ಮುಚ್ಚಿದ್ದು ಹಳೆಯ ಫೈಲನ್ನು ಮಾತ್ರ. ಹೊಸದನ್ನೂ ಮುಚ್ಚೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ಭವಾನಿ,” ಸಾಹೇಬರು ಗಟ್ಟಿಯಾಗಿ ಓದಿದರು. “ಉಪ್ಪಿನಕಾಯಿ ಒಂಬತ್ತು, ಅತ್ತೆ ಹಾಕಿದ್ದು. ರೊಟ್ಟಿ ಮೂರು, ಸ್ವಂತದ್ದು. ಕಿನ್ನಾಳದ ಗೊಂಬೆಯಂತೆ ನೋಡಲು ಚೆಂದ, ಕಡಿದರೆ ಕಟ್ಟಿಗೆ. ವಿರುಪಣ್ಣ. ಸಾರು ಎರಡು. ಬೇಳೆ ಹುಡುಕಿದರೂ ಸಿಗಲಿಲ್ಲ... ಏನೋ ಇದು?”

ಭವಾನಿ ಮೇಡಂಗೆ ಮೂರಕ್ಕಿಂತ ಆ ಒಂಬತ್ತೇ ಹೆಚ್ಚು ಉರಿಯಿತು. ವಿರುಪಣ್ಣ ಎದ್ದು ಹೋಗಿ ಬಾಗಿಲಾಚೆ ಕಿವಿಗೊಟ್ಟು ನಿಂತ.

“ಹಾಸ್ಟೆಲ್ ಊಟದ ತಪಾಸಣಿದು ನಮೂನಾ ರೀ ಸರ್,” ಯಂಕೇಶ ತೊದಲಿದ. “ಹೆಸರು ಸುಮ್ನ ಹಾಕೀನ್ರಿ.”

ಸಾಹೇಬರ ಮುಖ ಅರಳಿತು. “ಶಾಬಾಸ್! ಇಷ್ಟ್ ವರ್ಷ ತಪಾಸಣಿಗೆ ಹೋದವರೆಲ್ಲಾ ‘ತೃಪ್ತಿಕರ’ ಅಂತ ಬರದು ಕೈ ತೊಳ್ಕೊಂಡಾರ. ಇಂಥಾ ಖರೇ ನಾಲಿಗಿ ಒಂದೂ ಸಿಕ್ಕಿದ್ದಿಲ್ಲ. ಇವತ್ತಿಂದ ದಿನಾ ಮಧ್ಯಾಹ್ನ ನೀನು ಹಾಸ್ಟೆಲ್‌ನ್ಯಾಗ ಹೊಟ್ಟಿ ತುಂಬ ಉಣ್ಣು, ಹಿಂಗಽ ಮಾರ್ಕ್ಸ್ ಕಳಸು. ಬಾಜೂಕಿನ ಹಾಸ್ಟೆಲಿನಿಂದ ಚಾಲೂ ಮಾಡು.”

ಯಂಕೇಶನಿಗೆ ಹೋದ ಜೀವ ಬಂದಂತಾಯಿತು. ಡಬ್ಬಿಗಳು ಇನ್ನು ತೆರೆಯಲಾರವು, ನಿಜ. ಆದರೆ ಊಟ ಉಳಿಯಿತಲ್ಲ! ಉಳಿದವರು ಟೇಬಲ್ಲಿಗೆ ಡಬ್ಬಿ ತರುವ ಹೊತ್ತಿಗೆ ಅವನು ಹಾಸ್ಟೆಲಿನಲ್ಲಿ ತಟ್ಟೆಯ ಮುಂದೆ ಕೂತಿದ್ದ.

ಅನ್ನದ ಮೇಲೆ ಸಾರು ಬಿತ್ತು. ಬೆರಳು ತಾನಾಗಿ ಬೇಳೆ ಹುಡುಕಿತು. ಸಿಗಲಿಲ್ಲ. ಒಂದು ತುತ್ತು ಬಾಯಿಗಿಟ್ಟ. ಈ ರುಚಿ ಅವನಿಗೆ ಹೊಸದಲ್ಲ.

ತಲೆ ಎತ್ತಿದ. ಅಡುಗೆಯಾಕೆ ಸೌಟು ಹಿಡಿದು ಎದುರಿಗೇ ನಿಂತಿದ್ದಳು.

“ನಾ ಮುದಕಮ್ಮ. ನಿಮ್ ಆಫೀಸಿನ ವಿರುಪಣ್ಣನ ಮನ್ಯಾಕಿ. ಈಗಷ್ಟ ಅವರ ಫೋನ್ ಬಂದಿತ್ತು. ಬ್ಯಾಳಿ ಸಿಗಲಿಲ್ಲಂತಲ್ಲಪಾ ನಿನಗ? ಸಿಗೋತನಾ ಹುಡುಕು, ಗಡಿಬಿಡಿ ಇಲ್ಲ. ದಿನಾ ಬರ್ತೀಯಂತಲ್ಲ!” ಎಂದು ಇನ್ನೆರಡು ಸೌಟು ಸುರಿದಳು.

ಯಂಕೇಶ ತಟ್ಟೆ ನೋಡಿದ, ಸೌಟು ನೋಡಿದ. ಎಡಗೈಯಿಂದ ಮೊಬೈಲು ತೆಗೆದು ಸಾಹೇಬರಿಗೆ ಬರೆದ: ‘ತೃಪ್ತಿಕರ.’