ಇಳಕಲ್ ಸೀರೆಯ ಹಗ್ಗ

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಎರಡು ದೀಪಾವಳಿ ಕಳೆದವು. ಪ್ರತಿ ಸಲ ಬಾಯಿ ತೆರೆದಾಗಲೂ ಚಹಾ ಕುಡಿದು ಮುಚ್ಚಿಬಿಟ್ಟೆ.

ಬಸುರಿಯಾದ ಮಗಳು ಸುಮಾ ತನ್ನ ನಾಯಿ ಬ್ರೂನೋನನ್ನು ಮುಂಬಯಿಯ ಚೆಂಬೂರಿನ ನಮ್ಮ ಮನೆಯಲ್ಲಿ ಬಿಟ್ಟು, ನನ್ನ ಹೆಂಡತಿಯನ್ನು ಕೆಲವು ದಿನಕ್ಕೆಂದು ಬಾಂದ್ರಾದ ತನ್ನ ಮನೆಗೆ ಕರೆದೊಯ್ದಳು. "ಅಪ್ಪಾ, ಅವಂಗ ಆಟಿಕೆ ಕೊಡ್ರಿ. ಇಲ್ಲಾಂದ್ರ ಸೋಫಾ ತಿಂತಾನ."

ಆಟಿಕೆಗೆ ಅಂಗಡಿ ಯಾಕೆ? ಹೈಸ್ಕೂಲಿನ ಕ್ರಾಫ್ಟ್ ಪೀರಿಯಡ್ಡಿನಲ್ಲಿ ಮಾಸ್ತರರಿಂದ ಶಾಬಾಸ್ ಪಡೆದವನು ನಾನು! ಮನೆಯ ಹಳೆ ಸಾಮಾನಿನಿಂದಲೇ ಶ್ವಾನದ ಮನರಂಜನೆಯ ವ್ಯವಸ್ಥೆ ಮಾಡಲು ಸಂಕಲ್ಪಿಸಿದೆ.

ಕಾಲುಚೀಲದಲ್ಲಿ ಚೆಂಡು ತುರುಕಿ ಗಂಟು ಹಾಕಿದೆ. ಬ್ರೂನೋ ಮೂಸಿ, ಸೀನಿ, ಎದ್ದು ಹೋದ. ಕಾಲುಚೀಲ ನನ್ನದು. ಖಾಲಿ ಬಾಟಲಿಗೆ ಬನಿಯನ್ ಸುತ್ತಿಕೊಟ್ಟೆ. ಅದರ ಚರಚರ ಸದ್ದಿಗೆ ಹೆದರಿ ಮಂಚದ ಕೆಳಗೆ ಸೇರಿದ. ಕೊನೆಗೆ ಅಟ್ಟದ ಮೇಲೆ ಹಳೆ ಬಟ್ಟೆಯ ಗಂಟು ಕಂಡಿತು. ಹಳೆ ಬಟ್ಟೆ ಒಯ್ದು ಸ್ಟೀಲ್ ಪಾತ್ರೆ ಕೊಡುವವಳಿಗೆ ಇಟ್ಟದ್ದೆಂದು ನಾನೇ ತೀರ್ಮಾನಿಸಿ, ಮೇಲಿದ್ದ ಸೀರೆಯನ್ನು ಮೂರು ಸೀಳು ಮಾಡಿ ಜಡೆಯಂತೆ ಹೆಣೆದೆ. ಎಂಥ ಗಟ್ಟಿ ನೇಯ್ಗೆ! ಒಂದು ತುದಿ ಬ್ರೂನೋನಿಗೆ, ಒಂದು ನನಗೆ. ಎಳೆಯುವ ಆಟ ಕಲಿಸಿದೆ. ಅವನೂ ಮನಸ್ಸಿಟ್ಟು ಕಲಿತ.

ಬಾಂದ್ರಾದಿಂದ ಮರಳಿದ ಹೆಂಡತಿ ಬಾಗಿಲಲ್ಲೇ ನಿಂತಳು. ಹಗ್ಗ ಅಷ್ಟರಲ್ಲಿ ಅರ್ಧ ದಾರ, ಅರ್ಧ ಜೊಲ್ಲು.

"ಇದನ್ನ ಎಲ್ಲಿಂದ ತಗದ್ರಿ?"

"ಗಂಟಿನ್ಯಾಗಿತ್ತು. ಹಳೀದಲ್ಲ?"

"ನಮ್ಮವ್ವನ ಇಳಕಲ್ ಸೀರಿರೀ ಅದು. ಸುಮಾನ ಕೂಸಿಗೆ ಕೌದಿ ಹೊಲ್ಯಾಕ ಇಟ್ಟಿದ್ದೆ."

ನಮ್ಮ ಕಡೆ ಅಜ್ಜಿ ಮುತ್ತಜ್ಜಿಯರ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯಲ್ಲಿ ಕೂಸನ್ನು ಮಲಗಿಸುತ್ತಾರೆ. ಅವಳ ಅವ್ವನದೆಂದು ಉಳಿದದ್ದು ಅದೊಂದೇ ಸೀರೆ.

ತಕ್ಷಣ ರಕ್ಷಣಾ ಕಾರ್ಯ ಕೈಗೊಂಡೆ. ಹಗ್ಗ ಎಳೆದೆ. ಬ್ರೂನೋ ಬಾಲ ಅಲ್ಲಾಡಿಸುತ್ತ ಎಳೆದ. ಗದರಿಸಿ ಎಳೆದೆ. ಅವನಿಗೆ ಇನ್ನಷ್ಟು ಖುಷಿ! ಎದುರು ಮನೆಯ ಶೆಟ್ಟರು ಹೊರಬಂದು ಹುರಿದುಂಬಿಸಿದರು: "ಬಿಡ್ಬೇಡಿ ಪಾಟೀಲ್ರೇ, ಎಳೀರಿ ಮಾರಾಯ್ರೆ!"

"ಬಿಡ್ರೀ, ಹರೀತದ!" ಎಂದು ಹೆಂಡತಿ ಕೂಗಿದಳು.

ನಾನು ಶೆಟ್ಟರ ಮಾತು ಕೇಳಿದೆ.

ಪರ್ರ್!

ನಾನು ನೆಲಕ್ಕೆ ಬಿದ್ದೆ. ಸೆರಗಿನ ತುಂಡು ಬ್ರೂನೋನ ಹೊಟ್ಟೆಗೆ ಹೋಯಿತು.

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವನ ತಲೆ ಸವರುತ್ತ, "ತಪ್ಪಾತಪಾ ಬ್ರೂನೋ, ತಪ್ಪಾತು" ಎಂದೆ. ಪ್ರಾಣಿವೈದ್ಯರು ವಾಂತಿ ಮಾಡಿಸಿದರು. ಟೇಬಲ್ ಹೊಲಸಾಯಿತಲ್ಲ, ಅವರ ಕ್ಷಮೆಯನ್ನೂ ಕೇಳಿದೆ.

ಮನೆಗೆ ಬಂದಾಗ ಹೆಂಡತಿ ಉಳಿದ ಹಗ್ಗದ ಜಡೆ ಬಿಚ್ಚಿ, ತೊಳೆದು, ಕಿಟಕಿಯ ಗ್ರಿಲ್ಲಿಗೆ ಹರವಿದ್ದಳು. ಕೂಸು ಹುಟ್ಟಿತು, ಕೌದಿಯೂ ಆಯಿತು. ನಡುವೆ ಅಂಗೈಯಗಲದ ಇಳಕಲ್. ಸುಮಾ ಕೇಳಿದ್ದಕ್ಕೆ, "ಅವ್ವನ ಸೀರಿ ಅಷ್ಟ ಉಳದಿತ್ತವ್ವ" ಎಂದಳು, ನನ್ನ ಕಡೆ ನೋಡದೆ. ಬೈದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಬೈಯಲಿಲ್ಲ.

ನಾಯಿಯ ಕ್ಷಮೆ ಕೇಳಿದವನು ಇವಳದನ್ನು ಕೇಳಲು ಹೋದಾಗಲೆಲ್ಲ, "ಏ, ಇಲ್ಲಿ ಕೇಳ" ಎಂದು ಕರೆದು, ಬಂದರೆ ಚಹಾ ಕೇಳುತ್ತೇನೆ. ಮದುವೆಯಾದಾಗಿನಿಂದ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ನಮ್ಮಲ್ಲೇ ಉಳಿದುಬಿಟ್ಟ ನಾಯಿಯ ಹೆಸರು ಮಾತ್ರ ದಿನವಿಡೀ ಸಲೀಸಾಗಿ ಬರುತ್ತದೆ.

ಅವಳ ಹೆಸರು ಸುಶೀಲಾ.